ಸಹಿ ಕಲಿತ ಕೈಗೆ ಮತ್ತೆ ಹೆಬ್ಬೆಟ್ಟೇ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಡೀ ದಿನ ಹೊಟೇಲಿನಲ್ಲಿ ನಿಂತು ದುಡಿದು, ನಿದ್ದೆಯ ಹೊತ್ತನ್ನು ಈ ಸಭೆಗೆ ಕೊಟ್ಟಿದ್ದೀರಿ. ಆದುದರಿಂದ ನಾವು ಮಾತು ಬೆಳೆಸುವುದಿಲ್ಲ. ನಮ್ಮೆಲ್ಲರ ಕಿಸೆಯಲ್ಲಿರುವ ಮೊಬೈಲಿನ ವಿಷಯದಲ್ಲಿ, ಅದರಲ್ಲಿ ಕಾಣಿಸಿಕೊಳ್ಳುವ ಒಂದೇ ಒಂದು ಗುಂಡಿಯ ವಿಷಯದಲ್ಲಿ, ನಾಲ್ಕು ಮಾತು ಹೇಳಿ ಕುಳಿತುಕೊಳ್ಳುತ್ತೇವೆ.

ಮುಂಬಯಿಯ ಗಿರಣಿಗಳಲ್ಲಿ ದುಡಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಅವರಿಗಿಂತಲೂ ಹಿಂದಿನವರ ಕಾಲದಲ್ಲಿ ಸಂಬಳದ ದಿನ ಗಿರಣಿಯ ಬಾಗಿಲಲ್ಲಿ ಬಡ್ಡಿ ವ್ಯಾಪಾರಿ ದೊಣ್ಣೆ ಹಿಡಿದು ಕಾದಿರುತ್ತಿದ್ದ. ಅಕ್ಷರ ಬಾರದ ಕೂಲಿಕಾರ ಏನು ಬರೆದಿದೆಯೆಂದು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಇಂಥ ಕಷ್ಟವನ್ನು ಕಂಡೇ ಈ ಊರಿನ ಕನ್ನಡಿಗರು ರಾತ್ರಿಶಾಲೆಗಳನ್ನು ಕಟ್ಟಿದರು. ಹಗಲು ಲೋಟ ತೊಳೆದ ಹುಡುಗರು ರಾತ್ರಿ ಸ್ಲೇಟು ಹಿಡಿದು ಸಹಿ ಕಲಿತರು. ಹಾಗೆ ಕಲಿತವರ ಮಕ್ಕಳೂ ಮೊಮ್ಮಕ್ಕಳೂ ಆದ ನಾವು ಇಂದು ಮತ್ತೆ ಓದದೆ ಹೆಬ್ಬೆಟ್ಟು ಒತ್ತುತ್ತಿದ್ದೇವೆ. ಕಾಗದದ ಬದಲು ಗಾಜು ಬಂದಿದೆ, ಅಷ್ಟೇ ವ್ಯತ್ಯಾಸ.

ನಮಗೆ ತಿಳಿದ ಒಂದು ಸಂಗತಿ ಹೇಳುತ್ತೇವೆ. ನಮ್ಮ ಜತೆಯ ಒಬ್ಬ ತರುಣನಿಗೆ ಊರಿನಿಂದ ತಾಯಿಯ ಕಾಯಿಲೆಯ ಸುದ್ದಿ ಬಂತು. ರಾತ್ರಿ ಹನ್ನೊಂದು ಗಂಟೆ. ಧನಿಗಳನ್ನು ಕೇಳಲು ಸಂಕೋಚ. ಮೊಬೈಲಿನಲ್ಲಿ ಸಾಲ ಕೊಡುವ ಒಂದು ಆ್ಯಪ್ ಹಾಕಿಕೊಂಡ. ಅದು ಕೇಳಿದ ಪ್ರತಿಯೊಂದಕ್ಕೂ 'ಅನುಮತಿಸಿ' ಎಂಬ ಗುಂಡಿ ಒತ್ತಿದ. ಐದು ಸಾವಿರವೆಂದು ಬರೆದುಕೊಂಡು, ಶುಲ್ಕವೆಂದು ಮುರಿದು, ಕೈಗೆ ಕೊಟ್ಟದ್ದು ಮೂರು ಸಾವಿರ ಚಿಲ್ಲರೆ. ವಾಯಿದೆ ಏಳೇ ದಿನ. ಎಂಟನೆಯ ದಿನ ಫೋನು ಬಂದದ್ದು ಅವನಿಗಲ್ಲ. ಹಾಸಿಗೆ ಹಿಡಿದ ತಾಯಿಗೆ, ಅಕ್ಕನ ಗಂಡನ ಮನೆಗೆ, ಹೊಟೇಲಿನ ಧನಿಗಳಿಗೆ. 'ನಿಮ್ಮ ಹುಡುಗ ಕಳ್ಳ' ಎಂದು ಹೇಳಿದರು. ಅವನು ಆ್ಯಪನ್ನು ಅಳಿಸಿಹಾಕಿದ, ಫೋನು ನಿಲ್ಲಲಿಲ್ಲ. ಯಾಕೆಂದರೆ ಗುಂಡಿ ಒತ್ತಿದ ಆ ಗಳಿಗೆಯಲ್ಲಿಯೇ ಅವನಲ್ಲಿದ್ದ ನಂಬರುಗಳೆಲ್ಲ ನಕಲಾಗಿ ಅವರ ಕಂಪ್ಯೂಟರನ್ನು ಸೇರಿದ್ದುವು. ಇನ್ನು ಯಾರಿಗೂ ಮುಖ ತೋರಿಸಲಾರೆನೆಂದು ಆ ಹುಡುಗ ಎರಡು ದಿನ ಅನ್ನ ಮುಟ್ಟಲಿಲ್ಲ.

ಗಿರಣಿಯ ಬಾಗಿಲಲ್ಲಿ ನಿಂತವನಿಗೆ ನಮ್ಮ ತಾಯಿ ಊರಿನಲ್ಲಿ ಎಲ್ಲಿದ್ದಾಳೆಂದು ಗೊತ್ತಿರಲಿಲ್ಲ. ಇವನಿಗೆ ಗೊತ್ತು, ತೋರಿಸಿಕೊಟ್ಟವರು ನಾವೇ.

'ಬಡವರಾದ ನಮ್ಮಲ್ಲಿ ಮುಚ್ಚಿಡುವುದಕ್ಕೆ ಏನುಂಟು?' ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದನ್ನು ಒಯ್ದವರು ನಮ್ಮ ಕನ್ನಡನಾಡಿನವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು, ಸಂವಿಧಾನದ 21ನೇ ವಿಧಿ ಕಾಯುವ ಜೀವ ಮತ್ತು ಸ್ವಾತಂತ್ರ್ಯದ ಅಂಗ. ಬಡವರಿಗೆ ಹೊಟ್ಟೆಯ ಚಿಂತೆ ಮಾತ್ರ, ಇಂಥ ಹಕ್ಕುಗಳು ಉಳ್ಳವರಿಗೆ ಎಂಬ ವಾದವನ್ನೂ ಆ ತೀರ್ಪು ತಳ್ಳಿಹಾಕಿತು. ಬಂಧುಗಳೇ, ಇದು ನಮ್ಮ ಮಾನದ ಮಾತು. ಮಾನಕ್ಕೆ ಬಡವ, ಶ್ರೀಮಂತ ಎಂಬ ಭೇದವಿಲ್ಲ.

ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮವೂ ಉಂಟು. 2022ರ ಸೆಪ್ಟೆಂಬರಿನಲ್ಲಿ ಅದು ವಿಧಿಸಿದಂತೆ, ಸಾಲದ ಆ್ಯಪು ನಮ್ಮ ಫೋನಿನ ನಂಬರುಗಳ ಪಟ್ಟಿಯನ್ನಾಗಲಿ, ಕರೆಗಳ ದಾಖಲೆಯನ್ನಾಗಲಿ, ಫೈಲುಗಳನ್ನಾಗಲಿ ಮುಟ್ಟಕೂಡದು. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ ಎಷ್ಟೆಂದು ಮೊದಲೇ ತಿಳಿಸಬೇಕು. ಸಾಲ ಬೇಡವೆನಿಸಿದರೆ, ಗೊತ್ತುಪಡಿಸಿದ ಅವಧಿಯೊಳಗೆ ಅಸಲನ್ನೂ ಅಷ್ಟು ದಿನದ ಬಡ್ಡಿಯನ್ನೂ ಕಟ್ಟಿ, ದಂಡವಿಲ್ಲದೆ ಬಿಡಿಸಿಕೊಳ್ಳಲು ಅವಕಾಶವಿರಬೇಕು. 2025ರಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿಯೂ ಈ ರಕ್ಷಣೆಗಳು ಉಳಿದಿವೆ. ಹಾಗಾದರೆ, ನಂಬರುಗಳ ಪಟ್ಟಿ ಕೇಳುವ ಸಾಲದ ಆ್ಯಪು ಕೇಳಿದ ಕ್ಷಣದಲ್ಲಿಯೇ ತನ್ನ ಬಣ್ಣ ತೋರಿಸಿತೆಂದು ತಿಳಿಯಿರಿ.

ಈಗ ನಾವು ಮಾಡತಕ್ಕದ್ದೇನು?

ಒಂದು: ಸಾಲದ್ದಾಗಲಿ, ಆಟದ್ದಾಗಲಿ, ಯಾವ ಆ್ಯಪು ಏನು ಕೇಳಿದರೂ 'ಇದು ಇದಕ್ಕೆ ಯಾಕೆ ಬೇಕು?' ಎಂದು ಕೇಳಿಕೊಳ್ಳಿ. ಟಾರ್ಚಿನ ಆ್ಯಪಿಗೆ ನಿಮ್ಮ ಅಕ್ಕನ ನಂಬರು ಯಾಕೆ?

ಎರಡು: ಇವತ್ತು ಮಲಗುವ ಮುಂಚೆ ಫೋನಿನ ಸೆಟ್ಟಿಂಗ್ಸ್ ತೆರೆದು, ಯಾವ ಯಾವ ಆ್ಯಪಿಗೆ ಕಾಂಟ್ಯಾಕ್ಟ್ಸ್, ಫೋಟೋ, ಮೈಕ್ ನೋಡಲು ಕೇಳಲು ಅನುಮತಿ ಇದೆಯೆಂದು ಪರೀಕ್ಷಿಸಿ, ಬೇಡದ್ದನ್ನು ತೆಗೆಯಿರಿ. ತೆಗೆದರೆ ಹಿಂದೆ ಹೋದದ್ದು ಮರಳಿ ಬಾರದು. ಮುಂದೆ ಹೋಗುವುದು ನಿಲ್ಲುತ್ತದೆ.

ಮೂರು: ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಬೆದರಿಕೆ ಬಂದರೆ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಪೋಲೀಸರಿಗೆ ಬರೆದುಕೊಡಿ.

ನಾಲ್ಕನೆಯದೇ ಮುಖ್ಯ. ಆ ಹುಡುಗ ಬಡ್ಡಿಗಾರನ ಹತ್ತಿರ ಹೋದದ್ದು ಹಣವಿಲ್ಲದ್ದರಿಂದ ಮಾತ್ರವಲ್ಲ. ಪಕ್ಕದಲ್ಲಿ ಮಲಗಿದ್ದ ನಮ್ಮನ್ನು ಕೇಳಲು ನಾಚಿದ್ದರಿಂದ. ಒಂದು ಕೋಣೆಯಲ್ಲಿ ಎಂಟು ಜನ ಮಲಗಿದ್ದೆವು. ಎಂಟು ಜನ ಐನೂರರಂತೆ ಹಾಕಿದ್ದರೆ ನಾಲ್ಕು ಸಾವಿರವಾಗುತ್ತಿತ್ತು. ಅವನು ಕೇಳಲಿಲ್ಲ, ನಾವು ವಿಚಾರಿಸಲಿಲ್ಲ. ಆ ತಪ್ಪು ನಮ್ಮದೂ ಹೌದು. ಆಮೇಲೆ ನಾವೆಲ್ಲ ಕೂಡಿ ಅವನೊಂದಿಗೆ ಠಾಣೆಗೆ ಹೋದೆವು. ಧನಿಗಳಿಗೂ ಊರಿಗೂ ನಿಜ ತಿಳಿಸಿದೆವು. ಇಂದು ಅವನು ಅದೇ ಹೊಟೇಲಿನಲ್ಲಿ ತಲೆಯೆತ್ತಿ ದುಡಿಯುತ್ತಿದ್ದಾನೆ.

ಫೋನಿನಲ್ಲಿರುವ ನಂಬರುಗಳು ನಮ್ಮೊಬ್ಬರ ಸೊತ್ತಲ್ಲ. ನಮ್ಮನ್ನು ನಂಬಿ ಕೊಟ್ಟವರದು. ಅದನ್ನು ಕಾಯುವುದು ಮನೆಯ ಬಾಗಿಲು ಕಾದಂತೆ. ಓದದೆ ಒತ್ತಬೇಡಿ, ಓದಲು ಬಾರದಿದ್ದರೆ ಪಕ್ಕದವನನ್ನು ಕೇಳಿ, ಅವನಿಗೂ ತಿಳಿಯದಿದ್ದರೆ ಸಂಘಕ್ಕೆ ಬನ್ನಿ. ಕೂಡಿ ಓದೋಣ. ರಾತ್ರಿಶಾಲೆಯಲ್ಲಿ ನಮ್ಮ ಹಿರಿಯರು ಕಲಿತದ್ದೂ ಹೀಗೆಯೇ.