ಬರ್ಗಮಾಟ್ ತೈಲ: ಅದರ ಗುಣವೂ ದೋಷವೂ



ಕಿತ್ತಳೆಯ ಸಿಪ್ಪೆಯನ್ನು ದೀಪದ ಕುಡಿಯ ಬಳಿ ಹಿಂಡಿದರೆ ಕಿಡಿಗಳು ಚಟಚಟನೆ ಸಿಡಿಯುವುದನ್ನು ನಾವು ಬಾಲ್ಯದಲ್ಲಿ ಕಂಡವರೇ. ಸಿಪ್ಪೆಯ ಹೊರಪದರದ ಸೂಕ್ಷ್ಮ ಕೋಶಗಳು ಒಡೆದು ಹೊರಚಿಮ್ಮುವ ತೈಲವೇ ಹಾಗೆ ಉರಿಯುವುದು. ನಿಂಬೆಯ ಕುಲದ ಹಣ್ಣುಗಳಲ್ಲೆಲ್ಲ ಇಂತಹ ತೈಲವುಂಟು. ಅವುಗಳಲ್ಲಿ ಸುಗಂಧಕಾರರು ಬಹುಕಾಲದಿಂದ ಆದರಿಸುತ್ತ ಬಂದಿರುವುದು ಬರ್ಗಮಾಟ್ ಎಂಬ ಹಣ್ಣಿನ ತೈಲ. ಅದರ ಗುಣವನ್ನೂ, ಅದರೊಡನೆ ಅಡಗಿರುವ ಅಪಾಯವನ್ನೂ ಇಂದು ವಿಚಾರಮಾಡೋಣ.

ಇಟಲಿಯ ದಕ್ಷಿಣದ ತುದಿಯಲ್ಲಿರುವ ಕಲಾಬ್ರಿಯ ಪ್ರಾಂತದ ಕಡಲಂಚೇ ಈ ಮರದ ಮುಖ್ಯ ನೆಲೆ. ಹಣ್ಣಿನ ರಸವು ಹುಳಿಯೂ ಕಹಿಯೂ ಆದುದರಿಂದ ಬೆಲೆಯೆಲ್ಲ ಸಿಪ್ಪೆಗೆ. ಹಿಂದೆ ಕೆಲಸಗಾರರು ಸಿಪ್ಪೆಯನ್ನು ಸ್ಪಂಜಿಗೆ ಒತ್ತಿ, ಆ ಸ್ಪಂಜನ್ನು ಹಿಂಡಿ ತೈಲವನ್ನು ಕೂಡಿಸುತ್ತಿದ್ದರು. 1844ರಲ್ಲಿ ನಿಕೊಲಾ ಬರಿಲ್ಲಾ ಎಂಬಾತನು ರಚಿಸಿದ ಯಂತ್ರವು ಈ ಶ್ರಮವನ್ನು ತಗ್ಗಿಸಿತು. ಆದರೂ ಸುಮಾರು 200 ಕಿಲೋಗ್ರಾಂ ಹಣ್ಣಿಗೆ ದೊರೆಯುವ ತೈಲ 1 ಕಿಲೋಗ್ರಾಂ ಮಾತ್ರ. 18ನೆಯ ಶತಮಾನದಲ್ಲಿ ಕೊಲೋನ್ ನಗರದ ಯೋಹಾನ್ ಮರಿಯಾ ಫರೀನಾ ಹೆಸರುವಾಸಿ ಮಾಡಿದ ಸುಗಂಧಜಲಕ್ಕೂ, ಅರ್ಲ್ ಗ್ರೇ ಎಂಬ ಚಹಕ್ಕೂ ಕಂಪನ್ನಿತ್ತುದು ಇದೇ.

ಲಿಮೋನೀನ್, ಲಿನಲಿಲ್ ಅಸಿಟೇಟ್, ಲಿನಲೂಲ್ ಎಂಬುವು ಇದರ ಪ್ರಧಾನಾಂಶಗಳು. ಬೇಗನೆ ಆವಿಯಾಗುವ ಪದಾರ್ಥಗಳಾದುದರಿಂದ, ಸುಗಂಧದಲ್ಲಿ ಮೊದಲು ಮೂಗಿಗೆ ತಾಕುವುದೂ ಮೊದಲು ಮಾಸುವುದೂ ಇವುಗಳ ಕಂಪೇ. ಹಬೆಯಲ್ಲಿ ಬಟ್ಟಿಯಿಳಿಸಿದರೆ ಲಿನಲಿಲ್ ಅಸಿಟೇಟ್ ಒಡೆದು ಪರಿಮಳ ಕೆಡುತ್ತದೆ. ಆದಕಾರಣ ಸಿಪ್ಪೆಯನ್ನು ಕಾಯಿಸದೆ ಹಿಂಡುವುದೇ ರೂಢಿ. ಆದರೆ ಹಿಂಡುವಾಗ ಬರ್ಗಾಪ್ಟೀನ್ ಎಂಬ, ಸುಲಭವಾಗಿ ಆವಿಯಾಗದ ಪದಾರ್ಥವೂ ತೈಲದೊಡನೆ ಇಳಿದುಬರುತ್ತದೆ. ಪರಿಮಳವನ್ನು ಕಾಯುವ ವಿಧಾನವೇ ದೋಷವನ್ನೂ ತರುವುದೆಂಬುದು ಇಲ್ಲಿನ ವಿಶೇಷ.

ಬರ್ಗಾಪ್ಟೀನ್ ತಾನಾಗಿ ಚರ್ಮವನ್ನು ಸುಡದು. ಅದು ಮೈಮೇಲಿರುವಾಗ ಬಿಸಿಲಿನ ನೇರಳಾತೀತ ಕಿರಣಗಳು ತಾಕಿದರೆ ಚರ್ಮ ಕೆಂಪೇರಿ ಬೊಬ್ಬೆಯೇಳಬಹುದು. ಕಂದು ಕಲೆಗಳು ತಿಂಗಳುಗಟ್ಟಲೆ ಉಳಿಯಬಹುದು. ಸುಗಂಧಜಲ ಹರಿದ ಕತ್ತಿನ ಮೇಲೆ ಇಂತಹ ಕಲೆಗಳು ಮೂಡುವುದನ್ನು ವೈದ್ಯರು 1916ರಲ್ಲಿಯೇ ವರ್ಣಿಸಿದರು. ಮುಂದೆ ಅಂತರರಾಷ್ಟ್ರೀಯ ಸುಗಂಧ ಸಂಘವು, ಹಚ್ಚಿ ತೊಳೆಯದೆ ಬಿಡುವ ಲೇಪಗಳಲ್ಲಿ ಹಿಂಡಿದ ಬರ್ಗಮಾಟ್ ತೈಲವು ಶೇಕಡ 0.4ನ್ನು ಮೀರಬಾರದೆಂದು ನಿಯಮಿಸಿತು. ಬರ್ಗಾಪ್ಟೀನನ್ನು ತೆಗೆದ ತೈಲವೂ ಮಾರಾಟಕ್ಕೆ ದೊರೆಯುತ್ತದೆ.

ಇಂದು ಚಿಕ್ಕ ಸೀಸೆಗಳಲ್ಲಿ ಈ ತೈಲವನ್ನು ಕೊಂಡು ಮೈಗೆ ಹಚ್ಚುವವರು ಉಂಟು. ನಮ್ಮ ನಾಡಿನ ಬಿಸಿಲಾದರೋ ಪ್ರಖರವಾದುದು. ಆದುದರಿಂದ ಕೊಳ್ಳುವ ಮೊದಲು, ಅದು ಹಿಂಡಿದುದೋ, ಬರ್ಗಾಪ್ಟೀನ್ ತೆಗೆದುದೋ ಎಂದು ವಿಚಾರಿಸೋಣ. ಅಪ್ಪಟ ತೈಲವನ್ನು ನೇರವಾಗಿ ಹಚ್ಚದಿರೋಣ, ಕುಡಿಯದಿರೋಣ. ಗಾಳಿ ಸೋಕಿ ಹಳತಾದ ತೈಲವೂ ಚರ್ಮಕ್ಕೆ ಒಗ್ಗದು. ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ತಣ್ಣನೆಯ ಎಡೆಯಲ್ಲಿ ಇರಿಸೋಣ. ಕಂಪನ್ನು ಮೂಗಿಗೆ ಬಿಟ್ಟು ಚರ್ಮವನ್ನು ಕಾಯ್ದುಕೊಂಡರೆ, ಈ ತೈಲವು ನಮಗೆ ಸಂತೋಷವನ್ನೇ ಕೊಡುವುದು.