ಗೋಳಗುಮ್ಮಟಕ್ಕಿಂತ ಮೊದಲು ನಗಾರಖಾನೆ

(ಸಂಸ್ಥೆಯ ಪಾಲಕರ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶೈಕ್ಷಣಿಕ ಪ್ರವಾಸದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿದ್ದಾರೆ. ನಾನು ಪಾಠ ಹೇಳುವವಳು, ಭಾಷಣಕಾರಳಲ್ಲ. ಆದ್ದರಿಂದ ದೊಡ್ಡ ವಿಷಯ ಬಿಟ್ಟು, ನಮ್ಮ ಮಕ್ಕಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗುವಾಗ ನಾವು ಏನು ತಪ್ಪು ಮಾಡಿದೆವು, ಆಮೇಲೆ ಹೇಗೆ ತಿದ್ದಿಕೊಂಡೆವು ಎಂಬುದನ್ನಷ್ಟೇ ಹೇಳುತ್ತೇನೆ. ಕೇಳುವ ನೀವೂ, ಮುಂದೆ ಇದನ್ನು ಓದುವ ನೀವೂ ನಿಮ್ಮ ಶಾಲೆಗೆ ಹೊಂದುವಷ್ಟನ್ನು ತೆಗೆದುಕೊಳ್ಳಿ.

ಮೊದಲ ಸಲ ನಾವು ಹೋದದ್ದು ಶುಕ್ರವಾರ. ಅಂದು ನಮಗೆ ರಜೆ, ಪಾಠ ಕೆಡುವುದಿಲ್ಲ ಎಂಬ ಲೆಕ್ಕಾಚಾರ. ಗೋಳಗುಮ್ಮಟದ ಆವರಣದೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ನಗಾರಖಾನೆ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ. ಈಗ ಅದರಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅದರ ಬಾಗಿಲಿಗೆ ಬೀಗ! ಶುಕ್ರವಾರವೇ ಅದರ ವಾರದ ರಜೆ ಎಂದು ವಿಚಾರಿಸುವ ಬುದ್ಧಿ ನಮಗೆ ಬರಲಿಲ್ಲ. ತಪ್ಪು ಪೂರ್ತಿ ನಮ್ಮದೇ. ಮಕ್ಕಳು ಸೀದಾ ಗುಮ್ಮಟಕ್ಕೆ ಓಡಿದರು, ಮೇಲೇರಿ ಗಂಟಲು ಹರಿಯುವಂತೆ ಕೂಗಿದರು, ಬುತ್ತಿ ಬಿಚ್ಚಿದರು, ಬಸ್ಸು ಹತ್ತಿದರು. ಮರುದಿನ ಪ್ರಬಂಧ ಬರೆಯಲು ಹೇಳಿದೆ. ಒಬ್ಬ ಹುಡುಗ ಮೂರೇ ಸಾಲು ಬರೆದಿದ್ದ: ಗುಮ್ಮಟದಲ್ಲಿ ಕೂಗಿದೆವು, ಚಪಾತಿ ತಿಂದೆವು, ಮನೆಗೆ ಬಂದೆವು. ನಾನು ಅವನಿಗೆ ಬಯ್ಯಲಿಲ್ಲ. ಅವನು ಸುಳ್ಳು ಬರೆದಿರಲಿಲ್ಲವಲ್ಲ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಆ ಬಸ್ಸಿನಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯೂ ವಿಜಯಪುರಕ್ಕೆ ಹೋಗಿತ್ತು. ಅಬ್ಬಾ ಬೇಡವೆಂದರು, ನಾನು ಮನೆಯಲ್ಲೇ ಉಳಿದೆ. ಗೋಳಗುಮ್ಮಟದ ಬಗ್ಗೆ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದು, ಬಿ.ಎಡ್. ಮುಗಿಸಿ, ಅದೇ ಪಾಠವನ್ನು ಮಕ್ಕಳಿಗೆ ಹೇಳಿಕೊಟ್ಟು, ಆಮೇಲೆಯೇ ನಾನು ಅದನ್ನು ಕಣ್ಣಾರೆ ಕಂಡದ್ದು.

ಎರಡನೆಯ ಪ್ರವಾಸಕ್ಕೆ ಮೊದಲು ನಾನು ತಮ್ಮನನ್ನು ಜೊತೆ ಮಾಡಿಕೊಂಡು ಒಂದು ದಿನ ಸುಮ್ಮನೆ ಹೋಗಿ ಬಂದೆ. ಶಿಕ್ಷಕ ಮಿತ್ರರೇ, ಇದೊಂದನ್ನು ತಪ್ಪಿಸಬೇಡಿ. ಬಸ್ಸು ಎಲ್ಲಿ ನಿಲ್ಲುತ್ತದೆ, ಕುಡಿಯುವ ನೀರು ಎಲ್ಲಿದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ, ಬಿಸಿಲಿನಲ್ಲಿ ಎಲ್ಲಿ ಕೂಡಿಸಬೇಕು, ಇದಾವುದೂ ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ವಸ್ತುಸಂಗ್ರಹಾಲಯದ ಕಚೇರಿಗೆ ಹೋಗಿ, ಇಂಥ ದಿನ ಇಷ್ಟು ಮಕ್ಕಳು ಬರುತ್ತೇವೆಂದು ಪತ್ರ ಕೊಟ್ಟು ಬನ್ನಿ. ತೆರೆಯುವ ಮುಚ್ಚುವ ಸಮಯವನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳಿ, ಅದು ಆಗಾಗ ಬದಲಾಗುತ್ತದೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಆದರೂ ವಯಸ್ಸು ಬರೆದ ಪಟ್ಟಿಗೆ ಮುಖ್ಯೋಪಾಧ್ಯಾಯರ ಸಹಿ ಮಾಡಿಸಿ ಇಟ್ಟುಕೊಂಡರೆ ಬಾಗಿಲಲ್ಲಿ ಮಾತಿಗೆ ಮಾತು ಬೆಳೆಯುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ಪಾಲಕರ ಒಪ್ಪಿಗೆ ಪತ್ರ, ಹುಡುಗಿಯರ ಜೊತೆ ಶಿಕ್ಷಕಿಯರು, ಇವೆಲ್ಲ ನಿಮಗೆ ಗೊತ್ತಿರುವ ವಿಷಯಗಳೇ.

ಇನ್ನು ಯಾವುದು ಮೊದಲು, ಯಾವುದು ಆಮೇಲೆ? ಇದರಲ್ಲಿಯೇ ಎಲ್ಲ ಇದೆ ಎಂದು ನನ್ನ ಅನುಭವ. ವಿಜಯಪುರ ಒಂದು ಕೋಟೆಯ ಊರು. ಸುಮಾರು 10 ಕಿಲೋಮೀಟರ್ ಸುತ್ತಳತೆಯ ಗೋಡೆ, ಅದರ ಹೊರಗೆ ಕಂದಕ, 96 ಬುರುಜುಗಳು. ಮಕ್ಕಾ, ಶಾಹಪುರ, ಬಹಮನಿ, ಅಲ್ಲಾಪುರ, ಫತೇ ಎಂಬ ಐದು ದೊಡ್ಡ ದರವಾಜೆಗಳು. ನಡುವೆ ಮತ್ತೊಂದು ಒಳಕೋಟೆ, ಅದೇ ಅರಕಿಲ್ಲೆ. ಆದರೆ ಬಸ್ಸಿನಲ್ಲಿ ಕುಳಿತ ಮಗುವಿಗೆ ತಾನು ಯಾವಾಗ ಕೋಟೆಯೊಳಗೆ ಬಂದೆ, ಯಾವಾಗ ಹೊರಗೆ ಹೋದೆ ಎಂಬುದೇ ತಿಳಿಯುವುದಿಲ್ಲ. ಹಾಗಾಗಿ ನಾವು ಬೆಳಗಿನ ತಂಪಿನಲ್ಲಿ ಮೊದಲು ಪಶ್ಚಿಮದ ಗೋಡೆಗೆ ಹೋದೆವು. ಅಲ್ಲಿಯ ಷರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. ಅಹಮದನಗರದಲ್ಲಿ 1549ರಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ಸಿಂಹದ ಬಾಯಿಯಂತೆ, ಹಲ್ಲುಗಳ ನಡುವೆ ಆನೆ. ತೋಪಿನ ಮೈಮೇಲೆ ಬರಹವಿದೆ. ಅದರಲ್ಲಿ ಎರಕ ಹೊಯ್ದವನ ಹೆಸರೂ ಇದೆ, 1686ರಲ್ಲಿ ಊರನ್ನು ಗೆದ್ದ ಔರಂಗಜೇಬನು ಆಮೇಲೆ ಬರೆಸಿದ್ದೂ ಇದೆ. ಉರ್ದು ಕಲಿತ ನಮ್ಮ ಮಕ್ಕಳಿಗೆ ಆ ಫಾರಸಿಯ ಅರ್ಥ ಆಗಲಿಕ್ಕಿಲ್ಲ, ಆದರೆ ಅಕ್ಷರಗಳ ಗುರುತು ಹತ್ತುತ್ತದೆ. ಒಂದು ಅಲಿಫ್, ಒಂದು ಮೀಮ್ ಸಿಕ್ಕರೆ ಸಾಕು, ಅವರು ತೋಪಿನ ಹತ್ತಿರದಿಂದ ಕದಲುವುದಿಲ್ಲ. ಅಲ್ಲಿಯೇ ಗೋಡೆಯ ಮೇಲೆ ನಿಲ್ಲಿಸಿ ಒಳಗು ಯಾವುದು, ಹೊರಗು ಯಾವುದು ಎಂದು ತೋರಿಸಿದೆ. ಆಮೇಲೆ ನಕ್ಷೆ ಬಿಡಿಸಿದಾಗ ಒಬ್ಬರೂ ತಪ್ಪಲಿಲ್ಲ.

ಅಲ್ಲಿಂದ ಸೀದಾ ನಗಾರಖಾನೆಗೆ. ಈ ವಸ್ತುಸಂಗ್ರಹಾಲಯ 1892ರಲ್ಲಿ ಜಿಲ್ಲೆಯ ಸಂಗ್ರಹವಾಗಿ ಆರಂಭವಾಯಿತು, 1962ರಲ್ಲಿ ಭಾರತೀಯ ಪುರಾತತ್ವ ಇಲಾಖೆಗೆ ಸೇರಿತು. ಇಲ್ಲಿ ಕನ್ನಡ, ಸಂಸ್ಕೃತ, ಅರಬ್ಬಿ, ಫಾರಸಿ ಶಾಸನಗಳಿವೆ. ವೀರಗಲ್ಲುಗಳು, ಜೈನ ಮೂರ್ತಿಗಳು, ಹಿಂದೂ ಶಿಲ್ಪಗಳು, ಹಸ್ತಪ್ರತಿಗಳು, ಫರ್ಮಾನುಗಳು, ನಕ್ಷೆಗಳು, ಚೀನೀ ಪಿಂಗಾಣಿ, ರತ್ನಗಂಬಳಿಗಳು ಇವೆ. ಎಲ್ಲವನ್ನೂ ತೋರಿಸುತ್ತೇನೆಂದು ಹೊರಟರೆ ಮಕ್ಕಳು ಒಂದನ್ನೂ ನೋಡುವುದಿಲ್ಲ. ನಾನು ಒಂದು ಮಗುವಿಗೆ ಒಂದೇ ವಸ್ತು ಎಂದು ಹಂಚಿದೆ. ಅದರ ಮುಂದೆ ಹತ್ತು ನಿಮಿಷ ನಿಲ್ಲಬೇಕು, ಕಂಡದ್ದನ್ನು ಬರೆಯಬೇಕು, ಅಷ್ಟೇ. ಯಾರಿಗೆ ಕನ್ನಡ ಶಾಸನ ಬಂತೋ ಅವರು ಮೊದಲು ಗೊಣಗಿದರು. ಸ್ವಲ್ಪ ಹೊತ್ತಿಗೆ ಒಬ್ಬಳು ಓಡಿ ಬಂದು, "ಮೇಡಂ, ಈ 'ರ' ನಮ್ಮ 'ರ'ದ ಹಾಂಗೇ ಐತ್ರಿ" ಎಂದಳು.

ಈ ಬಾರಿ ಹುಡುಗಿಯರು ಬಂದದ್ದು ಹೇಗೆ ಎಂದು ಹೇಳಬೇಕು. ಮನೆಮನೆಗೆ ಹೋದೆ. ಒಬ್ಬ ತಂದೆ, "ಮೇಡಮ್ಮಾರ, ಹುಡುಗೇರನ್ನ ಅಷ್ಟು ದೂರ ಕಳಸೂದು ಹ್ಯಾಂಗ್ರಿ?" ಎಂದರು. ನನ್ನ ಅಬ್ಬಾ ಹೇಳಿದ ಮಾತೇ! ವಾದ ಮಾಡಲಿಲ್ಲ. "ಹಾಗಾದರೆ ಅವಳ ಅಮ್ಮೀನೂ ಬರಲಿ, ಬಸ್ಸಿನಲ್ಲಿ ಜಾಗ ಇದೆ" ಎಂದೆ. ಆ ಓಣಿಯಲ್ಲಿ ಮಾತು ಹರಡಿ ಆರು ಜನ ತಾಯಂದಿರು ಹೊರಟರು, ಅವರ ಹಿಂದೆ ಹುಡುಗಿಯರು. ಅವರಲ್ಲಿ ಒಬ್ಬರು ಮನೆಯಲ್ಲಿ ಕೌದಿ ಹೊಲಿಯುವವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಲ್ಲರೂ ಗುಮ್ಮಟಕ್ಕೆ ಹೊರಟರೂ ಅವರು ರತ್ನಗಂಬಳಿಯ ಮುಂದೆಯೇ ನಿಂತಿದ್ದರು. ಬೆರಳಿನಿಂದ ಗಾಳಿಯಲ್ಲಿ ಏನೋ ಎಣಿಸುತ್ತಿದ್ದರು. "ಈ ಮೂಲೀಗೆ ಬಂದಾಗ ಅಂಚು ಹ್ಯಾಂಗ ತಿರುವ್ಯಾರ ನೋಡ್ರಿ" ಎಂದು ನನಗೇ ತೋರಿಸಿದರು. ನಾನು ಎರಡು ಸಲ ನೋಡಿದ್ದ ಗಂಬಳಿ ಅದು, ಆ ಮೂಲೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಗುಮ್ಮಟಕ್ಕೆ ಹೋಗುವ ಹೊತ್ತಿಗೆ ಜನ ತುಂಬಿದ್ದರು. ಪಿಸುಮಾತು ಆಚೆ ಬದಿಗೆ ಕೇಳಿಸುವ ಆ ಸುತ್ತುಪಡಸಾಲೆಯಲ್ಲಿ ಪಿಸುಮಾತಿಗೆ ಅವಕಾಶವೇ ಇರಲಿಲ್ಲ, ಎಲ್ಲ ಕಿರುಚಾಟ. ನಿಶ್ಶಬ್ದ ಬೇಕಾದರೆ ಬೆಳಗಾಗುತ್ತಲೇ ಗುಮ್ಮಟಕ್ಕೆ ಹೋಗಬೇಕು. ಒಂದು ದಿನದ ಪ್ರವಾಸದಲ್ಲಿ ಎರಡೂ ಆಗುವುದಿಲ್ಲ, ಒಂದನ್ನು ಬಿಡಲೇಬೇಕು. ನಾನು ನಿಶ್ಶಬ್ದವನ್ನು ಬಿಟ್ಟೆ. ಆದರೆ ಏಳು ಅಂತಸ್ತಿನ ಗೋಪುರದ ಇಕ್ಕಟ್ಟಿನ ಮೆಟ್ಟಿಲು ಹತ್ತಿಸುವಾಗ ಹತ್ತು ಹತ್ತು ಮಕ್ಕಳ ಗುಂಪು ಮಾಡಿ, ಮುಂದೊಬ್ಬರು ಹಿಂದೊಬ್ಬರು ದೊಡ್ಡವರು ಇರಿ. ಇದರಲ್ಲಿ ಮಾತ್ರ ಸಡಿಲ ಬೇಡ.

ಮಧ್ಯಾಹ್ನ ಜುಮ್ಮಾ ಮಸೀದಿ. ಅದರ ನೆಲದಲ್ಲಿ ಒಬ್ಬೊಬ್ಬರಿಗೆ ಒಂದರಂತೆ 2,250 ಚೌಕಗಳನ್ನು ಗುರುತಿಸಿದ್ದಾರೆ. ಸಾಲು ಎಣಿಸಿ ಗುಣಿಸಿ ಎಂದರೆ ಗಣಿತದ ಮೇಷ್ಟ್ರ ಕೆಲಸವೂ ಆಯಿತು. ಬಳಿಕ ಅರಕಿಲ್ಲೆಯಲ್ಲಿ ಕರೀಮುದ್ದೀನನ ಮಸೀದಿ. 1320ರ ಕಟ್ಟಡ, ಹಳೆಯ ಗುಡಿಯ ಕಂಬಗಳ ಮೇಲೆ ನಿಂತದ್ದು. ಕಟ್ಟಿದ ಕುಶಲಕರ್ಮಿ ಸಾಲೊಟಗಿಯ ರೇವೋಯ ಎಂದು ಅಲ್ಲಿಯ ಶಾಸನ ಹೇಳುತ್ತದೆ. ಸಾಲೊಟಗಿ ನಮ್ಮ ಇಂಡಿ ತಾಲ್ಲೂಕಿನ ಊರು. ಅಲ್ಲಿ ವಿದ್ಯಾರ್ಥಿಗಳಿಗೆ ವಸತಿ ಸಹಿತ ಶಾಲೆ ಇತ್ತೆಂದು 945ರ ಶಾಸನ ತಿಳಿಸುತ್ತದೆ. ಗುಡಿಯ ಕಂಬದ ಬಗ್ಗೆ ಮಕ್ಕಳು ಪ್ರಶ್ನೆ ಕೇಳಿದರು. ಕೇಳಲಿ. ಅವಸರದಲ್ಲಿ ಮುಚ್ಚಿಹಾಕದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವ ತಯಾರಿಯನ್ನು ನಾವು ಮನೆಯಲ್ಲೇ ಮಾಡಿಕೊಂಡು ಹೋಗಬೇಕು.

ತಯಾರಿ ಎಂದರೆ ಇನ್ನೊಂದು ನೆನಪಾಯಿತು. ಹೋಗುವ ಮುಂಚಿನ ವಾರ ಉರ್ದು ತರಗತಿಯಲ್ಲಿ ನಾನು ದಖ್ಖನಿಯ ವಿಷಯ ಹೇಳಿದೆ. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಕಿತಾಬ್-ಎ-ನೌರಸ್ ದಖ್ಖನಿಯಲ್ಲಿದೆ, ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ. ಆಸ್ಥಾನ ಕವಿ ನುಸ್ರತಿ ಬರೆದದ್ದೂ ದಖ್ಖನಿಯಲ್ಲೇ. ನಮ್ಮ ಮಕ್ಕಳು ಮನೆಯಲ್ಲಿ ಆಡುವ ಮಾತನ್ನು ಶಾಲೆಯಲ್ಲಿ ಆಡಲು ನಾಚುತ್ತಾರೆ, ಇದು ಶುದ್ಧ ಉರ್ದು ಅಲ್ಲ ಎಂದು ಯಾರೋ ಅವರಿಗೆ ಹೇಳಿರುತ್ತಾರೆ. ಹೇಳಿದವರಲ್ಲಿ ನಾನೂ ಒಬ್ಬಳು. ಹಸ್ತಪ್ರತಿಗಳಿದ್ದ ಗಾಜಿನ ಪೆಟ್ಟಿಗೆಯ ಮುಂದೆ ಒಬ್ಬ ಹುಡುಗ ಮೆಲ್ಲಗೆ, "ನಮ್ಮ ದಾದಿಯ ಮಾತನ್ನೂ ಹೀಗೆ ಬರೆದಿಟ್ಟಿದ್ದರಾ ಟೀಚರ್?" ಎಂದು ಕೇಳಿದ. ಮೂರು ಸಾಲಿನ ಪ್ರಬಂಧ ಬರೆದಿದ್ದ ಹುಡುಗನೇ ಅವನು. ಈ ಸಲ ಎರಡು ಪುಟ ಬರೆದಿದ್ದಾನೆ, ಕಾಗುಣಿತ ಮಾತ್ರ ಹಾಗೇ ಇದೆ!

ಈ ವರ್ಷದ ಪ್ರವಾಸವನ್ನು ಗುರುವಾರಕ್ಕೆ ಇಟ್ಟುಕೊಂಡಿದ್ದೇವೆ. ಫಜರ್ ನಮಾಜಿನ ನಂತರ ಬಸ್ಸು ಶಾಲೆಯ ಮುಂದಿನಿಂದ ಹೊರಡುತ್ತದೆ. ಒಪ್ಪಿಗೆ ಪತ್ರಗಳು ಕಚೇರಿಯಲ್ಲಿವೆ, ಗುಮಾಸ್ತರನ್ನು ಕೇಳಿ ಪಡೆಯಿರಿ. ತಾಯಂದಿರಿಗೆ ಹನ್ನೆರಡು ಸೀಟು ಬಿಟ್ಟಿದ್ದೇವೆ. ನಿನ್ನೆ ಸಂಜೆಯವರೆಗೆ ಒಂಬತ್ತು ಹೆಸರು ಬಂದಿದ್ದವು, ಎಲ್ಲಕ್ಕಿಂತ ಮೊದಲನೆಯ ಹೆಸರು ಕೌದಿ ಹೊಲಿಯುವವರದು.