ಅಚ್ಚಿನ ಆಯ್ಕೆ



ಎತ್ತು ಎಷ್ಟೇ ಬಲವುಳ್ಳದ್ದಾಗಿರಲಿ, ಬಂಡಿಯ ಅಚ್ಚು ಮುರಿದರೆ ಪ್ರಯಾಣ ಅಲ್ಲಿಗೆ ಮುಗಿಯಿತು. ಕಡಾಣಿ ಬಿದ್ದುಹೋದರಂತೂ ಚಕ್ರವೇ ಕಳಚಿಕೊಂಡು ಹೇರೆಲ್ಲವೂ ಹಳ್ಳಕ್ಕೆ ಬೀಳುವುದುಂಟು. ಈ ಮಾತು ಮೋಟಾರು ಲಾರಿಗೂ ಸಲ್ಲತಕ್ಕದ್ದೇ. ಇಂಜಿನ್ನಿನ ಶಕ್ತಿಯನ್ನು ಕೊಂಡಾಡುವವರು ಬಹುಮಂದಿ. ಅಚ್ಚಿನ ಯೋಗ್ಯತೆಯನ್ನು ವಿಚಾರಿಸುವವರು ಕೆಲವರು ಮಾತ್ರ.

ಅಮೆರಿಕದ ಯೂಟಾ ಪ್ರಾಂತದ ಮೋಆಬ್ ಎಂಬ ಊರಿನ ಸುತ್ತಲಿನ ಬಂಡೆಗಳ ಮೇಲೂ, ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತದ ರೂಬಿಕಾನ್ ದಾರಿಯಲ್ಲಿಯೂ ಜನರು ಲಾರಿಗಳನ್ನು ಹತ್ತಿಸಿಳಿಸುವುದುಂಟು. ರಸ್ತೆಯೆಂಬ ಹೆಸರಿಗೆ ಪಾತ್ರವಾಗದ ದಾರಿಗಳವು. ಮೊನ್ನೆ ನಮ್ಮ ವಿದ್ಯಾರ್ಥಿಯೊಬ್ಬನು ಅಂತಹ ಲಾರಿಗಳ ಚಿತ್ರಗಳನ್ನು ತಂದು ತೋರಿಸಿ, “ಸಾರ್, ಎಲ್ಲಕ್ಕಿಂತ ದಪ್ಪನಾದ ಆಕ್ಸಲನ್ನು ಹಾಕಿಬಿಟ್ಟರೆ ಮುರಿಯುವ ಭಯವೇ ಇರುವುದಿಲ್ಲವಲ್ಲವೆ?” ಎಂದು ಕೇಳಿದನು. ಆ ಪ್ರಶ್ನೆಗೆ ಕೂಡಲೆ ಹೌದೆನ್ನಲು ನಮಗೆ ಮನಸ್ಸು ಬರಲಿಲ್ಲ. ಈ ಹೊತ್ತಿನ ಭಾಷಣವು ಅವನಿಗೆ ಕೊಡಬೇಕಾದ ಉತ್ತರವೇ ಆಗಿದೆ.

ಬಂಡಿಯ ಅಚ್ಚಿಗೆ ಒಂದೇ ಕೆಲಸ, ಭಾರವನ್ನು ಹೊರುವುದು. ಲಾರಿಯ ಆಕ್ಸಲಿಗೆ ಎರಡು ಕೆಲಸಗಳು: ಭಾರವನ್ನೂ ಹೊರಬೇಕು, ಚಕ್ರವನ್ನೂ ತಿರುಗಿಸಬೇಕು. ಆದುದರಿಂದ ಅದು ಟೊಳ್ಳಾದ ಒಂದು ಕವಚ. ಕವಚದ ನಡುವೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಕ್ರೌನ್ ವೀಲ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಅದರೊಳಗೆ ಡಿಫರೆನ್ಷಿಯಲ್ ಎಂಬ ಯಂತ್ರವುಂಟು; ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚಾಗಿಯೂ ಒಳಗಿನದು ಕಡಮೆಯಾಗಿಯೂ ಸುತ್ತುವಂತೆ ಮಾಡುವುದು ಅದರ ಕಾರ್ಯ. ಫ್ರಾನ್ಸಿನ ಪೆಕ್ಯೂರ್ ಎಂಬಾತನು 1827ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ಅಲ್ಲಿಂದ ಎರಡು ಪಕ್ಕಗಳಿಗೂ ಒಂದೊಂದು ಉಕ್ಕಿನ ಷಾಫ್ಟು ಹೋಗಿ ಚಕ್ರವನ್ನು ಮುಟ್ಟುತ್ತದೆ.

ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ಗಾತ್ರವನ್ನಲ್ಲ, ಜಾತಿಯನ್ನು. ಸೆಮಿ ಫ್ಲೋಟಿಂಗ್ ಎಂಬ ಬಗೆಯಲ್ಲಿ ಷಾಫ್ಟಿನ ತುದಿಗೇ ಚಕ್ರವನ್ನು ಜೋಡಿಸಿರುತ್ತದೆ. ಷಾಫ್ಟು ತಿರುಗಿಸಲೂ ಬೇಕು, ಭಾರ ಹೊರಲೂ ಬೇಕು. ಹೊರತುದಿಯಲ್ಲಿ ಅದು ಮುರಿಯಿತೆಂದರೆ ಚಕ್ರವೇ ಕಳಚಿ ಹೋಗಬಹುದು. ಫುಲ್ ಫ್ಲೋಟಿಂಗ್ ಎಂಬ ಬಗೆಯಲ್ಲಿ ಚಕ್ರದ ಗುಂಬವು ಕವಚದ ತುದಿಯ ಮೇಲೆ ಎರಡು ಬೇರಿಂಗುಗಳನ್ನು ಆಶ್ರಯಿಸಿ ತಿರುಗುತ್ತದೆ. ಭಾರವನ್ನೆಲ್ಲ ಕವಚವೇ ಹೊರುತ್ತದೆ. ಷಾಫ್ಟಿಗೆ ತಿರುಗಿಸುವ ಕೆಲಸವೊಂದೇ. ಅದು ಮುರಿದರೂ ಚಕ್ರ ಸ್ವಸ್ಥಾನದಲ್ಲಿಯೇ ನಿಲ್ಲುತ್ತದೆ. ಮುರಿದ ತುಂಡುಗಳನ್ನು ಹೊರಕ್ಕೆಳೆದು, ಮುಂದಿನ ಚಕ್ರಗಳ ಬಲದಿಂದ ಮೆಲ್ಲಗೆ ಊರು ಸೇರಬಹುದು. ಒಂದು ಕಡೆ ಬಂಡೆ, ಒಂದು ಕಡೆ ಕಮರಿ ಇರುವ ಇಳಿಜಾರಿನಲ್ಲಿ ಈ ಭೇದವು ಪ್ರಾಣದ ಪ್ರಶ್ನೆಯೇ ಆಗುತ್ತದೆ. ಎರಡನೆಯ ಮಹಾಯುದ್ಧದ ಪುಟ್ಟ ವಿಲ್ಲೀಸ್ ಜೀಪಿನ ಹಿಂದಿನ ಆಕ್ಸಲು ಕೂಡ ಫುಲ್ ಫ್ಲೋಟಿಂಗ್ ಬಗೆಯದೇ ಆಗಿತ್ತೆಂಬುದನ್ನು ನೆನೆದರೆ, ಈ ಗುಣಕ್ಕೂ ದಪ್ಪಕ್ಕೂ ಸಂಬಂಧವಿಲ್ಲವೆಂಬುದು ತಿಳಿಯುತ್ತದೆ.

ಇನ್ನು ಬಲದ ಲೆಕ್ಕ. ಇಂಜಿನ್ನಿನ ತಿರುಚುಬಲ 300 ಅಡಿ-ಪೌಂಡು ಎಂದಿಟ್ಟುಕೊಳ್ಳೋಣ. ಮೊದಲನೆಯ ಗೇರು ಅದನ್ನು 4ರಷ್ಟು, ಟ್ರಾನ್ಸ್‌ಫರ್ ಪೆಟ್ಟಿಗೆ 2ರಷ್ಟು, ಆಕ್ಸಲು ಮತ್ತೆ 4ರಷ್ಟು ಹೆಚ್ಚಿಸಿದರೆ 9,600 ಅಡಿ-ಪೌಂಡಾಯಿತು. ಆದರೆ ಇಷ್ಟೂ ಬಲ ಷಾಫ್ಟಿಗೆ ಯಾವಾಗಲೂ ತಟ್ಟುವುದಿಲ್ಲ. ಅದಕ್ಕೆ ಮುಂಚೆ ಟೈರು ಜಾರಿಬಿಡುತ್ತದೆ. ಏರಿನಲ್ಲಿ ಹಿಂದಿನ ಚಕ್ರಗಳ ಮೇಲೆ 4,000 ಪೌಂಡು ಭಾರವಿದ್ದು, ಹಿಡಿತವೂ ಅಷ್ಟೇ ಇದೆಯೆಂದರೆ, 31 ಅಂಗುಲದ ಟೈರು ಸುಮಾರು 5,170 ಅಡಿ-ಪೌಂಡಿಗೆ ಜಾರುತ್ತದೆ. ಅದನ್ನು ತೆಗೆದು 40 ಅಂಗುಲದ್ದನ್ನು ಹಾಕಿದರೆ ಸುಮಾರು 6,670ರವರೆಗೆ ಜಾರದೆ ನಿಲ್ಲುತ್ತದೆ. ಉದ್ದವಾದ ಸನ್ನೆಕೋಲಿನಂತೆ ದೊಡ್ಡ ಟೈರು ಷಾಫ್ಟನ್ನು ಅಷ್ಟು ಹೆಚ್ಚಾಗಿ ತಿರುಚುತ್ತದೆ. ಟೈರು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡರೆ ಜಾರಲು ಎಡೆಯೇ ಇಲ್ಲ. ಇಂಜಿನ್ನಿನ ಪೂರ್ತಿ ಬಲವೇ ಬಂದು ಬಡಿಯುತ್ತದೆ. ಡಿಫರೆನ್ಷಿಯಲನ್ನು ಬೀಗ ಹಾಕಿದಂತೆ ಬಿಗಿದಿದ್ದು, ಒಂದು ಚಕ್ರ ಗಾಳಿಯಲ್ಲಿ ತೂಗುತ್ತಿದ್ದರಂತೂ, ಇಬ್ಬರು ಹೊರಬೇಕಾದುದನ್ನು ಒಂದೇ ಷಾಫ್ಟು ಹೊರಬೇಕಾಗುತ್ತದೆ.

ಇಂತಹ ಕೆಲಸಕ್ಕೆ ಅಮೆರಿಕದವರು ಹೆಚ್ಚಾಗಿ ಆರಿಸುವುದು ಡೇನಾ 60 ಎಂಬುದನ್ನು. ಅದರ ಕ್ರೌನ್ ವೀಲಿನ ವ್ಯಾಸ 9¾ ಅಂಗುಲ. ಅದಕ್ಕಿಂತ ಚಿಕ್ಕದಾದ ಡೇನಾ 44ರದು 8½ ಅಂಗುಲ. ಆದರೆ ಹೆಸರನ್ನು ನೋಡಿಯೇ ಕೊಳ್ಳಬಾರದು. 60ರಲ್ಲಿಯೂ ಎರಡು ಬಗೆಗಳುಂಟು, ಷಾಫ್ಟುಗಳಲ್ಲಿ 1.31 ಅಂಗುಲದವೂ 1.5 ಅಂಗುಲದವೂ ಉಂಟು. ವ್ಯತ್ಯಾಸ ಅತ್ಯಲ್ಪವೆಂದು ತೋರಬಹುದು. ಆದರೆ ಸರಳಿನ ತಿರುಚುಶಕ್ತಿ ವ್ಯಾಸದ ಘನವನ್ನು ಅನುಸರಿಸಿ ಬೆಳೆಯುವುದರಿಂದ, ಉಕ್ಕು ಒಂದೇ ಆಗಿದ್ದರೂ ಎರಡನೆಯದು ಮೊದಲನೆಯದರ ಒಂದೂವರೆಯಷ್ಟು ಬಲವುಳ್ಳದ್ದು.

ಇದಕ್ಕೂ ದೊಡ್ಡದನ್ನು ಬಯಸುವವರು ಅಮೆರಿಕದ ಸೈನ್ಯವು 1950ರ ದಶಕದಿಂದ ಬಳಸಿ, ಬಳಿಕ ಹರಾಜು ಹಾಕಿದ ಎರಡೂವರೆ ಟನ್ನಿನ ಎಂ 35 ಲಾರಿಗಳ ರಾಕ್‌ವೆಲ್ ಆಕ್ಸಲುಗಳನ್ನು ಕೊಳ್ಳುವುದುಂಟು. ಅದರ ಹಲ್ಲುಚಕ್ರಗಳು ಎರಡು ಹಂತವಾಗಿ ವೇಗವನ್ನು ಇಳಿಸುತ್ತವೆ. ಪಿನಿಯನ್ ಕವಚದ ಮೇಲ್ಭಾಗದಲ್ಲಿರುವುದರಿಂದ ಅದಕ್ಕೆ ಬರುವ ಷಾಫ್ಟು ಬಂಡೆಗೆ ತಾಗುವುದು ಅಪರೂಪ. ಆದರೆ ಅದರ ಪ್ರಮಾಣ 6.72ಕ್ಕೆ 1. 44 ಅಂಗುಲದ ಟೈರು ಹಾಕಿ, ನೇರ ಗೇರಿನಲ್ಲಿ ಘಂಟೆಗೆ 60 ಮೈಲಿ ಹೋಗಬೇಕೆಂದರೆ ಇಂಜಿನ್ನು ನಿಮಿಷಕ್ಕೆ ಸುಮಾರು 3,080 ಸುತ್ತು ಸುತ್ತಬೇಕು. ಇದಲ್ಲದೆ ಆ ಕಬ್ಬಿಣದ ತೂಕವೆಲ್ಲ ಸ್ಪ್ರಿಂಗಿನ ಕೆಳಗಿರತಕ್ಕದ್ದು. ಪ್ರತಿ ಕುಲುಕಿಗೂ ಲಾರಿಯನ್ನು ಜಗ್ಗುತ್ತದೆ. ಬಂಡೆ ಹತ್ತಿದ ಮೇಲೆ ಅದೇ ಲಾರಿಯಲ್ಲಿ ಹೆದ್ದಾರಿ ಹಿಡಿದು ಮನೆಗೆ ಬರಬೇಕಾದವನು ಇದನ್ನು ಯೋಚಿಸಬೇಕು.

ಟೈರು ಬೆಳೆದಂತೆ ಗೇರಿನ ಪ್ರಮಾಣವೂ ಬೆಳೆಯಬೇಕು. 31 ಅಂಗುಲದ ಟೈರಿಗೆ 3.73 ಇದ್ದರೆ, 40 ಅಂಗುಲಕ್ಕೆ ಲೆಕ್ಕದಂತೆ 4.81 ಬೇಕು, ಸಮೀಪದಲ್ಲಿ ದೊರೆಯುವುದು 4.88. ಮುಂದೆಯೂ ಹಿಂದೆಯೂ ಒಂದೇ ಪ್ರಮಾಣವಿರಬೇಕು. ಇಲ್ಲದಿದ್ದರೆ ಜೋಡೆತ್ತುಗಳಲ್ಲಿ ಒಂದು ಓಡಿ ಒಂದು ನಡೆದಂತೆ, ಎರಡು ಆಕ್ಸಲುಗಳು ಒಂದನ್ನೊಂದು ಎಳೆದಾಡಿ ಯಂತ್ರವನ್ನೇ ಮುರಿಯುತ್ತವೆ.

ಮಾರ್ಪಾಡಿನ ಕೆಲಸದಲ್ಲಿ ಅವಸರ ಸಲ್ಲದು. ಡೇನಾ ಬಗೆಯ ಕವಚದ ನಡುಭಾಗ ಎರಕದ ಕಬ್ಬಿಣ. ಪಕ್ಕದ ಕೊಳವೆಗಳು ಉಕ್ಕು. ಉಕ್ಕಿಗೆ ಹಾಕುವಂತೆ ಎರಕಕ್ಕೆ ಬೆಸುಗೆ ಹಾಕಿದರೆ ಅದು ತಣಿಯುವಾಗ ಬಿರಿಯುವುದು. ಮೊದಲು ಕಾಯಿಸಿ, ತಕ್ಕ ಕಡ್ಡಿಯಿಂದ ಬೆಸೆದು, ನಿಧಾನವಾಗಿ ಆರಲು ಬಿಡಬೇಕು. ಕೊಳವೆಗೆ ಸ್ಪ್ರಿಂಗಿನ ಪೀಠಗಳನ್ನು ಬೆಸೆಯುವಾಗಲೂ ಒಂದೇ ಕಡೆ ಉದ್ದಕ್ಕೆ ಎಳೆಯದೆ, ಅತ್ತಷ್ಟು ಇತ್ತಷ್ಟು ಚಿಕ್ಕ ಚಿಕ್ಕದಾಗಿ ಹಾಕಬೇಕು. ಇಲ್ಲವಾದರೆ ಕೊಳವೆ ಬಾಗುತ್ತದೆ, ಬಾಗಿದ ಕವಚವು ಬೇರಿಂಗನ್ನು ತಿನ್ನುತ್ತದೆ. ಲಾರಿಯನ್ನು ಎತ್ತರಿಸಿದಾಗ ಪಿನಿಯನ್ನಿನ ಓರೆಯನ್ನು ತಿದ್ದಬೇಕಾಗುತ್ತದೆ. ಆದರೆ ಮುಂದಿನ ಆಕ್ಸಲಿನಲ್ಲಿ ಕವಚವನ್ನು ತಿರುಗಿಸಿದರೆ ಸ್ಟಿಯರಿಂಗಿನ ಓರೆಯೂ ಕೆಟ್ಟು ಲಾರಿ ದಾರಿ ಹಿಡಿಯುವುದಿಲ್ಲ. ಆಗ ತುದಿಯ ಗೆಣ್ಣುಗಳನ್ನು ಕತ್ತರಿಸಿ ಹೊಸದಾಗಿ ಕೂಡಿಸಬೇಕು. ಕೊನೆಯದಾಗಿ ಬ್ರೇಕು: ಓಡಿಸುವ ಉತ್ಸಾಹದಲ್ಲಿ ನಿಲ್ಲಿಸುವುದನ್ನು ಮರೆಯುವವರೇ ಹೆಚ್ಚು. ದೊಡ್ಡ ಟೈರು ಷಾಫ್ಟಿಗೆ ಹೇಗೆ ಸನ್ನೆಕೋಲೋ ಬ್ರೇಕಿಗೂ ಹಾಗೆಯೇ.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಷಾಫ್ಟನ್ನು ದಪ್ಪ ಮಾಡಿದರೆ ಬಲಹೀನತೆ ನಾಶವಾಗುವುದಿಲ್ಲ, ಸ್ಥಳ ಬದಲಾಯಿಸುತ್ತದೆ. ಷಾಫ್ಟಿನಿಂದ ಕೀಲಿಗೆ, ಕೀಲಿನಿಂದ ಹಲ್ಲುಚಕ್ರಕ್ಕೆ, ಅಲ್ಲಿಂದ ಟ್ರಾನ್ಸ್‌ಫರ್ ಪೆಟ್ಟಿಗೆಗೆ. ಎಲ್ಲಿಯೂ ಮುರಿಯದ ಲಾರಿ ಇಲ್ಲ. ಎಲ್ಲಿ ಮುರಿದರೆ ಮನುಷ್ಯನಿಗೆ ಅಪಾಯವಿಲ್ಲವೋ, ಎಲ್ಲಿ ಮುರಿದರೆ ಜೊತೆಯಲ್ಲಿ ಒಯ್ದ ಬಿಡಿಭಾಗದಿಂದ ದಾರಿಯಲ್ಲಿಯೇ ಸರಿಪಡಿಸಬಹುದೋ, ಅಲ್ಲಿ ಆ ದೌರ್ಬಲ್ಯವನ್ನು ತಂದು ನಿಲ್ಲಿಸುವವನೇ ಬುದ್ಧಿವಂತನು. ಹಳೆಯ ಬಂಡಿಕಾರನು ಅಚ್ಚನ್ನು ನಂಬಿದರೂ ಹೊರಡುವ ಮುನ್ನ ಕಡಾಣಿಯನ್ನು ಮುಟ್ಟಿ ನೋಡುತ್ತಿದ್ದನು. ನಾವು ಹೇಳಬೇಕಾದುದೂ ಅಷ್ಟೇ.